ಹಿಂದಲೆ ಎಷ್ಟು ಕೊಟ್ಟೀತು?

ಕೊಟ್ಟೂರಿನ ಕಟಿಂಗ್ ಶಾಪಿನ ಕುರ್ಚಿಯಲ್ಲಿ ನನ್ನ ಅಕ್ಕನ ಮಗ ಕೂತಿದ್ದ. ವಯಸ್ಸು ಇಪ್ಪತ್ತೊಂಬತ್ತು, ಬೆಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಮುಂದಲೆ ಎರಡೂ ಕಡೆಯಿಂದ ಹಿಂದೆ ಸರಿದಿದೆ, ಸುಳಿಯ ಸುತ್ತ ಚರ್ಮ ಕಾಣುತ್ತಿದೆ. ಬೆಂಗಳೂರಿನ ಯಾವುದೋ ಕೂದಲು ಕಸಿ ಕ್ಲಿನಿಕ್ಕಿನವರು ಫೋನಿನಲ್ಲೇ ‘ನಾಲ್ಕು ಸಾವಿರ ಗ್ರಾಫ್ಟ್ ಹಾಕಿದರೆ ತಲೆ ತುಂಬುತ್ತೆ, ಹಣ ಕಂತಿನಲ್ಲಿ ಕಟ್ಟಬಹುದು’ ಎಂದಿದ್ದರಂತೆ. ಮುಂಗಡ ಕಟ್ಟುವುದೊಂದು ಬಾಕಿ. ಅಂಗಡಿಯ ಹಿರಿಯರು ಅವನ ಹಿಂದಲೆಯ ಕೂದಲನ್ನು ಬಾಚಣಿಗೆಯಲ್ಲಿ ಎತ್ತಿ ಹಿಡಿದರು. ಒಂದಿಷ್ಟನ್ನು ಎರಡು ಬೆರಳ ನಡುವೆ ಹೊಸೆದು ನೋಡಿದರು. ‘ತಮ್ಮಾ, ನಿನ್ ಕೂದ್ಲು ಎಣಿಕೆಗೆ ಕಮ್ಮಿ ಇಲ್ಲ. ಆದ್ರೆ ಬಾಳ ಸಣ್ಣ. ಶಾವಿಗೆ ಎಳೆ ಇದ್ದಂಗೈತೆ. ಇದನ್ನ ಕಿತ್ತು ಮುಂದಕ್ಕೆ ಹಾಕಿದ್ರೆ ಎಷ್ಟು ಮುಚ್ಚೀತು?’ ಎಂದರು.

ನಲವತ್ತು ವರ್ಷ ಊರವರ ತಲೆ ಮುಟ್ಟಿದ ಕೈಗೆ ಗೊತ್ತಾದ ಸಂಗತಿ ಅದು. ನಾಲ್ಕು ಸಾವಿರದ ಲೆಕ್ಕ ಹೇಳಿದವರು ಅವನ ಹಿಂದಲೆಯನ್ನು ಕಂಡೇ ಇರಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹುಡುಗರು ಈಗ ಕೂದಲು ಕಸಿಗೆಂದು ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಕೈಗಡ ಮಾಡಿ ಹೋಗುವವರೂ ಇದ್ದಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಎಷ್ಟು ಗ್ರಾಫ್ಟ್, ಅಂದರೆ ಕಿತ್ತು ನೆಡುವ ಕೂದಲಿನ ಗುಂಪು? ಒಂದಕ್ಕೆಷ್ಟು ರೇಟು? ಸಣ್ಣ ಕೂದಲಿನವರು ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ನನ್ನ ಒಂದೊಂದು ಕೂದಲು ಎಷ್ಟು ದಪ್ಪ? ನನ್ನ ಹಿಂದಲೆ ಆಯುಷ್ಯಪೂರ್ತಿ ಎಷ್ಟು ಕೊಟ್ಟೀತು? ಇದನ್ನು ಇವತ್ತು ಬಿಡಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ಹಿಂದಲೆಯಿಂದ ಒಮ್ಮೆ ತೆಗೆದ ಬೇರು ಅಲ್ಲಿ ಮತ್ತೆ ಹುಟ್ಟುವುದಿಲ್ಲ.

ಸಣ್ಣ ಕೂದಲು ಬೇರೆ, ವಿರಳ ಕೂದಲು ಬೇರೆ. ತಲೆ ತುಂಬ ಕೂದಲಿದ್ದೂ ಒಂದೊಂದು ಎಳೆ ಸಣ್ಣದಿರಬಹುದು. ಕಡಿಮೆ ಕೂದಲಿದ್ದೂ ಎಳೆ ದಪ್ಪವಿರಬಹುದು. ಎಳೆಯ ದಪ್ಪವನ್ನು ಅಳೆಯುವುದು ಮೈಕ್ರಾನ್‌ನಲ್ಲಿ, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಸುಮಾರು 60 ಮೈಕ್ರಾನ್‌ಗಿಂತ ಕೆಳಗಿದ್ದರೆ ಸಣ್ಣ, 60ರಿಂದ 80 ಮಧ್ಯಮ, 80 ದಾಟಿದರೆ ದಪ್ಪ. ಮನೆಯಲ್ಲಿ ಅಂದಾಜು ಸಿಗಬೇಕೆಂದರೆ ಹಿಂದಲೆಯ ಒಂದು ಕೂದಲನ್ನು ಬಿಳಿ ಹಾಳೆಯ ಮೇಲೆ ಹೊಲಿಗೆ ದಾರದ ಪಕ್ಕ ಇಟ್ಟು ನೋಡಿ. ಬೆರಳಲ್ಲಿ ಹೊಸೆದರೆ ಇದೆಯೋ ಇಲ್ಲವೋ ತಿಳಿಯದಷ್ಟು ನವಿರಾಗಿದ್ದರೆ ನಿಮ್ಮದು ಸಣ್ಣ ಕೂದಲು.

ಈ ಒಂದು ಸಂಖ್ಯೆ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ನೋಡಿ. 70 ಮೈಕ್ರಾನ್ ಕೂದಲನ್ನು ಅಡ್ಡ ಕೊಯ್ದರೆ ಕಾಣುವ ವೃತ್ತದ ವಿಸ್ತೀರ್ಣ ಸುಮಾರು 3,850 ಚದರ ಮೈಕ್ರಾನ್. 50 ಮೈಕ್ರಾನಿನದ್ದು ಸುಮಾರು 1,960. ದಪ್ಪದಲ್ಲಿ ಇಪ್ಪತ್ತರ ವ್ಯತ್ಯಾಸ, ತುಂಬುವ ಜಾಗದಲ್ಲಿ ಅರ್ಧಕ್ಕರ್ಧ! ಒಂದು ಗ್ರಾಫ್ಟಿಗೆ ಸರಾಸರಿ ಎರಡು ಕೂದಲೆಂದು ಹಿಡಿದರೂ, ನನ್ನ ಸೋದರಳಿಯನ 50 ಮೈಕ್ರಾನಿನ ತಲೆಗೆ ಹಾಕುವ ನಾಲ್ಕು ಸಾವಿರ ಗ್ರಾಫ್ಟು 70 ಮೈಕ್ರಾನಿನ ಗೆಳೆಯನೊಬ್ಬನ ತಲೆಯ ಎರಡು ಸಾವಿರಕ್ಕೆ ಸಮ. ಗೆಳೆಯ ಎರಡು ಸಾವಿರದಲ್ಲಿ ಕಂಡ ತುಂಬುತಲೆ ಇವನಿಗೆ ನಾಲ್ಕು ಸಾವಿರ ಹಾಕಿದ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಹಿಂದಲೆಯ ಉಗ್ರಾಣ ಬಹುಪಾಲು ಖಾಲಿ. ಫೋಟೊದಲ್ಲಿ ಕಂಡ ಇನ್ನೊಬ್ಬರ ತಲೆಯನ್ನು ತೋರಿಸಿ ‘ನನಗೂ ಹೀಗೇ ಬೇಕು’ ಎನ್ನುವುದು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಈ ಗುಣಾಕಾರ ಸಾಕು.

ಮಗುವಿಗೆ ಜವಳ ತೆಗೆಸುವಾಗ ‘ಈಗ ಬೋಳಿಸಿದ್ರೆ ಮುಂದೆ ದಪ್ಪ ಬರ್ತಾವೆ’ ಎನ್ನುವ ಅಜ್ಜಿಯರು ನಮ್ಮಲ್ಲಿ ಮನೆಗೊಬ್ಬರು. ಮನೆದೇವರಿಗೆ ಜವಳ ಕೊಡುವುದು ಭಕ್ತಿಗೆ ಸೇರಿದ್ದು, ಅದು ಹಾಗೇ ಇರಲಿ. ಆದರೆ ಕೂದಲಿನ ದಪ್ಪವನ್ನು ನಿರ್ಧರಿಸುವುದು ಚರ್ಮದ ಕೆಳಗಿನ ಬೇರಿನ ಗಾತ್ರ. ಕ್ಷೌರದ ಕತ್ತಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಬೋಳಿಸಿದ ಮೇಲೆ ಬರುವ ಕೂದಲಿನ ತುದಿ ಮೊಂಡಾಗಿರುತ್ತದೆ, ಅದಕ್ಕೇ ಅಂಗೈಗೆ ಒರಟಾಗಿ ಹತ್ತುತ್ತದೆ. ಕಸಿಯಲ್ಲೂ ಇದೇ ನಿಯಮ. ಹಿಂದಲೆಯಿಂದ ಮುಂದಲೆಗೆ ಬಂದ ಬೇರು ತನ್ನ ಗುಣವನ್ನು ಬಹುಮಟ್ಟಿಗೆ ಜೊತೆಗೇ ತರುತ್ತದೆ. ಅಲ್ಲಿ ಸಣ್ಣದಾಗಿದ್ದರೆ ಇಲ್ಲಿಯೂ ಸಣ್ಣದೇ.

ಹಿಂದಲೆಯ ಕೂದಲೇ ಯಾಕೆ? ಗಂಡಸರಲ್ಲಿ ವಂಶದಿಂದ ಬರುವ ಬೋಳುತನದಲ್ಲಿ ಮುಂದಲೆ ಮತ್ತು ನೆತ್ತಿಯ ಬೇರುಗಳು ಡಿಎಚ್‌ಟಿ ಎಂಬ ಹಾರ್ಮೋನಿಗೆ ಸೋತು ವರ್ಷದಿಂದ ವರ್ಷಕ್ಕೆ ಕುಗ್ಗುತ್ತವೆ. ಹಿಂದಲೆಯವು ಬಹುತೇಕ ಸೋಲುವುದಿಲ್ಲ. ಜಪಾನಿನ ಶೋಜಿ ಒಕುಡಾ 1939ರಲ್ಲೇ ಕೂದಲಿರುವ ಚರ್ಮದ ಸಣ್ಣ ತುಂಡುಗಳನ್ನು ಸ್ಥಳಾಂತರಿಸಿ ವರದಿ ಬರೆದಿದ್ದರು. ಯುದ್ಧದ ಗದ್ದಲದಲ್ಲಿ ಹೊರಜಗತ್ತಿಗೆ ಅದು ತಿಳಿಯಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಬರಹವೇ ‘ತೆಗೆದ ಜಾಗದ ಗುಣ ಹಾಕಿದ ಜಾಗದಲ್ಲೂ ಉಳಿಯುತ್ತದೆ’ ಎಂಬ ತತ್ವವನ್ನು ನೆಲೆಗೊಳಿಸಿತು. ಆ ಕಾಲದಲ್ಲಿ ನಾಲ್ಕು ಮಿಲಿಮೀಟರಿನ ಗುಂಡು ತುಂಡುಗಳನ್ನೇ ನೆಡುತ್ತಿದ್ದರು. ತಲೆ ಗೊಂಬೆಯ ತಲೆಯಂತೆ ಪೊದೆಪೊದೆಯಾಗಿ ಕಾಣುತ್ತಿತ್ತು. ಕೂದಲು ಚರ್ಮದಿಂದ ಹೊರಬರುವುದೇ ಒಂದು, ಎರಡು, ಮೂರು, ಅಪರೂಪಕ್ಕೆ ನಾಲ್ಕರ ಗುಂಪಿನಲ್ಲಿ. ಆ ಗುಂಪನ್ನು ಒಡೆಯದೆ ಅದನ್ನೇ ಒಂದು ಗ್ರಾಫ್ಟ್ ಮಾಡಬೇಕೆಂಬ ಪದ್ಧತಿ 1990ರ ದಶಕದಲ್ಲಿ ಬೇರೂರಿತು. ಶೇಂಗಾ ಬಿತ್ತುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಣಿಗೆ ಒಂದು ಕಾಳು, ಗುಣಿಗೆ ಎರಡು ಕಾಳು ಇದ್ದಂತೆ.

ಕಟಿಂಗ್ ಶಾಪಿನ ಆ ಮಾತಿನ ಮೇಲೆ ನಾನೂ ಸೋದರಳಿಯನೂ ದಾವಣಗೆರೆಯ ಚರ್ಮವೈದ್ಯೆಯೊಬ್ಬರ ಬಳಿ ಹೋದೆವು. ಅವರು ಮೊದಲು ಮುಂದಲೆ ನೋಡಲಿಲ್ಲ. ಹುಡುಗನನ್ನು ಬೆನ್ನು ತಿರುಗಿಸಿ ಕೂರಿಸಿ, ಹಿಂದಲೆಯಲ್ಲಿ ಕಡಲೆಕಾಳಿನಷ್ಟು ಜಾಗವನ್ನು ಸಣ್ಣಗೆ ಕತ್ತರಿಸಿ, ಡರ್ಮೋಸ್ಕೋಪ್ ಎಂಬ ಪುಟ್ಟ ಕ್ಯಾಮೆರಾ ಇಟ್ಟರು. ಕಂಪ್ಯೂಟರ್ ಪರದೆಯ ಮೇಲೆ ಅವನ ತಲೆ ಕಟಾವಾದ ಜೋಳದ ಹೊಲದಂತೆ ಕಂಡಿತು, ಸಾಲುಸಾಲು ಕೂಳೆ. ಹಿಂದಲೆಯ ನಡುವೆ, ಎಡಗಿವಿಯ ಹಿಂದೆ, ಬಲಗಿವಿಯ ಹಿಂದೆ, ಕೆಳಗೆ ಹೆಡತಲೆಯಲ್ಲಿ, ನಾಲ್ಕೂ ಕಡೆ ಹಾಗೇ ನೋಡಿದರು. ಪ್ರತಿ ಚದರ ಸೆಂಟಿಮೀಟರಿನಲ್ಲಿ ಎಷ್ಟು ಗುಂಪು, ಗುಂಪಿನಲ್ಲಿ ಎಷ್ಟು ಎಳೆ, ಎಳೆಯ ದಪ್ಪ ಎಷ್ಟು ಎಂದು ಬರೆದುಕೊಂಡರು.

‘ನೋಡಿ, ಹಿಂದಲೆಯ ನಡುಭಾಗದಲ್ಲಿ ಎಲ್ಲ ಎಳೆಗಳೂ ಹೆಚ್ಚುಕಡಿಮೆ ಒಂದೇ ದಪ್ಪ ಇವೆ. ಸಣ್ಣವು, ಆದರೆ ಸಮ. ಇವು ಹುಟ್ಟಿನಿಂದಲೇ ಸಣ್ಣವು. ಹೆಡತಲೆಯಲ್ಲಿ ನೋಡಿ, ಒಂದು ದಪ್ಪ, ಪಕ್ಕದ್ದು ನೂಲಿನಂತೆ. ಅಲ್ಲಿ ಬೇರುಗಳು ಈಗ ಕುಗ್ಗುತ್ತಿವೆ. ಆ ಜಾಗದಿಂದ ನಾನು ಒಂದೂ ತೆಗೆಯುವುದಿಲ್ಲ’ ಎಂದರು.

ಹುಟ್ಟಾ ಸಣ್ಣ ಮತ್ತು ಸೊರಗಿ ಸಣ್ಣ. ಸಣ್ಣ ಕೂದಲಿನವರ ಯೋಜನೆಯೆಲ್ಲ ನಿಂತಿರುವುದು ಈ ಎರಡನ್ನು ಬೇರ್ಪಡಿಸುವುದರ ಮೇಲೆ. ಬರಿಗಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಒಂದೇ ಜಾಗದ ಶೇಕಡ 20ಕ್ಕಿಂತ ಹೆಚ್ಚು ಎಳೆಗಳ ದಪ್ಪದಲ್ಲಿ ಏರುಪೇರು ಕಂಡರೆ ವಂಶದ ಬೋಳುತನ ಆ ಜಾಗಕ್ಕೂ ಕಾಲಿಟ್ಟಿದೆ ಎಂದು ವೈದ್ಯರು ತಿಳಿಯುತ್ತಾರೆ. ಕೆಲವರಲ್ಲಿ ಹಿಂದಲೆಯೂ ಸೇರಿ ಇಡೀ ತಲೆ ಒಂದೇ ಸಮ ಸೊರಗುತ್ತದೆ. ಅಂಥವರಿಗೆ ಕಸಿ ಮಾಡಬಾರದು, ಮಾಡಿದರೆ ಉದುರಲಿರುವ ಕೂದಲನ್ನೇ ತಂದು ನೆಟ್ಟಂತೆ. ನಾಲ್ಕಾರು ವರ್ಷದಲ್ಲಿ ನೆಟ್ಟದ್ದೂ ಹೋಗುತ್ತದೆ, ಹಿಂದಲೆಯಲ್ಲಿ ಕಲೆ ಮಾತ್ರ ಉಳಿಯುತ್ತದೆ. ಫೋನಿನಲ್ಲಿ ಕಳಿಸಿದ ಫೋಟೊ ನೋಡಿ ಗ್ರಾಫ್ಟಿನ ಲೆಕ್ಕ ಹೇಳುವುದು ಅಪಾಯಕಾರಿ ಎಂದು ನಾನು ಇಷ್ಟು ಖಚಿತವಾಗಿ ಹೇಳುವುದು ಇದೇ ಕಾರಣಕ್ಕೆ.

ಜ್ವರ ಬಂದು ಹೋದ ಮೇಲಿನ ಉದುರುವಿಕೆಯದು ಮತ್ತೊಂದು ಕಥೆ. ಡೆಂಗಿ, ಚಿಕುನ್‌ಗುನ್ಯಾ, ಟೈಫಾಯ್ಡ್, ಹೆರಿಗೆ, ದೊಡ್ಡ ಆಪರೇಷನ್, ಇವುಗಳ ನಂತರ ಎರಡು–ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ಬಹುಪಾಲು ಅದು ತಾನಾಗಿಯೇ ಮರಳುತ್ತದೆ. ರಕ್ತಹೀನತೆ, ಥೈರಾಯ್ಡ್ ಇದ್ದರೆ ಮೊದಲು ಅದಕ್ಕೆ ಮದ್ದು. ಬೋರಿನ ಉಪ್ಪುನೀರು ಬೋಳು ಮಾಡುತ್ತದೆಂಬ ಮಾತು ನಮ್ಮ ಐದೂ ತಾಲೂಕಿನಲ್ಲಿದೆ. ಗಡಸು ನೀರು ಎಳೆಯನ್ನು ಒರಟು ಮಾಡೀತು, ಮುರಿಸೀತು. ಆದರೆ ಮುಂದಲೆ ಹಿಂದೆ ಸರಿಯಲು ಅದು ಕಾರಣವಲ್ಲ.

ಯೋಜನೆಗೆ ಬರೋಣ. ಕೂಡ್ಲಿಗಿ ಕಡೆ ಒಂದೂವರೆ ಇಂಚು ನೀರು ಬಿದ್ದ ಬೋರಿನ ರೈತ ಐದು ಎಕರೆಗೂ ನೀರು ಕಟ್ಟಲು ಹೋಗುವುದಿಲ್ಲ. ಎರಡು ಎಕರೆ ಆರಿಸಿಕೊಂಡು ಅಲ್ಲಿ ಬೆಳೆ ತೆಗೆಯುತ್ತಾನೆ, ಉಳಿದದ್ದನ್ನು ಮಳೆಗೆ ಬಿಡುತ್ತಾನೆ. ಹಿಂದಲೆ ಆ ಬೋರು. ಅಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 65ರಿಂದ 85 ಗುಂಪುಗಳಿರುತ್ತವೆ. ಒಳ್ಳೆಯ ಹಿಂದಲೆಯಿಂದ ಇಡೀ ಆಯುಷ್ಯದಲ್ಲಿ ಸುಮಾರು ನಾಲ್ಕರಿಂದ ಆರು ಸಾವಿರ ಗ್ರಾಫ್ಟ್ ತೆಗೆಯಬಹುದು ಎನ್ನುತ್ತಾರೆ. ಸಣ್ಣ ಕೂದಲಿನವರಿಗೆ ಆ ಲೆಕ್ಕ ಇನ್ನೂ ಕಡಿಮೆ. ಯಾಕೆ? ದಪ್ಪ ಕೂದಲಿನವರ ಹಿಂದಲೆಯಲ್ಲಿ ಅರ್ಧ ತೆಗೆದರೂ ಉಳಿದರ್ಧ ಚರ್ಮವನ್ನು ಮುಚ್ಚುತ್ತದೆ. ಸಣ್ಣ ಕೂದಲಿನ ಉಳಿದರ್ಧ ಮುಚ್ಚುವುದಿಲ್ಲ, ಹಿಂದಲೆ ಹುಳ ತಿಂದ ಬಟ್ಟೆಯಂತೆ ಕಾಣುತ್ತದೆ. ಹೀಗೆ ಸಣ್ಣ ಕೂದಲಿನವರಿಗೆ ಎರಡು ಕಡೆಯಿಂದ ಪೆಟ್ಟು: ಮುಂದೆ ಮುಚ್ಚಲು ಹೆಚ್ಚು ಬೇಕು, ಹಿಂದೆ ತೆಗೆಯಲು ಕಡಿಮೆ ಸಿಗುತ್ತದೆ.

ಈಗ ಎರಡು ಎಕರೆ ಯಾವುದು? 2,400 ಗ್ರಾಫ್ಟು ಸಿಕ್ಕಿತೆಂದುಕೊಳ್ಳಿ. ಮುಂದಲೆಯಿಂದ ನಡುನೆತ್ತಿಯವರೆಗೆ 70 ಚದರ ಸೆಂಟಿಮೀಟರಿಗೆ ಹಾಕಿದರೆ ಚದರ ಸೆಂಟಿಮೀಟರಿಗೆ 34 ಬೀಳುತ್ತವೆ. ಸುಳಿಯನ್ನೂ ಸೇರಿಸಿ 160ಕ್ಕೆ ಹರಡಿದರೆ 15. ಹುಟ್ಟುಸಾಂದ್ರತೆಯ ಅರ್ಧದಷ್ಟಾದರೂ ಇದ್ದರೆ ಕಣ್ಣಿಗೆ ತಲೆ ತುಂಬಿದಂತೆ ತೋರುತ್ತದೆ. 34ರಲ್ಲಿ ಆ ಆಸೆಗೆ ಹತ್ತಿರ ಹೋಗಬಹುದು. 15ರಲ್ಲಿ 50 ಮೈಕ್ರಾನಿನ ಕೂದಲು ಇದ್ದೂ ಇಲ್ಲದಂತೆ. ಎದುರಿಗೆ ನಿಂತವರ ಕಣ್ಣಿಗೆ ಬೀಳುವುದು ಮುಖದ ಚೌಕಟ್ಟು. ಆದ್ದರಿಂದ ಸಣ್ಣ ಕೂದಲಿನವರಿಗೆ ಮುಂದಲೆ ಮೊದಲು, ಸುಳಿ ಕೊನೆಗೆ, ಕೆಲವರಿಗೆ ಎಂದೂ ಬೇಡ. ಸುಳಿ ಬಾವಿಯಿದ್ದಂತೆ, ಎಷ್ಟು ಹಾಕಿದರೂ ನುಂಗುತ್ತದೆ. ಎಳೆಗಳು ಅಲ್ಲಿ ಸುತ್ತಲೂ ಹೊರಮುಖವಾಗಿ ಬಾಗುವುದರಿಂದ ಒಂದರ ಮೇಲೊಂದು ಮಲಗಿ ಮುಚ್ಚುವುದಿಲ್ಲ. ಸಾಲದ್ದಕ್ಕೆ ವಯಸ್ಸಾದಂತೆ ಬೋಳು ಸುತ್ತಲೂ ಬೆಳೆದು, ನೆಟ್ಟದ್ದು ನಡುವೆ ದ್ವೀಪದಂತೆ ಉಳಿಯುತ್ತದೆ.

ಸೋದರಳಿಯನಿಗೆ ಈ ಮಾತು ಸುಲಭವಾಗಿ ಇಳಿಯಲಿಲ್ಲ. ‘ಹಿಂದಿನಿಂದ ಫೋಟೊ ತೆಗೆದರೆ ಸುಳಿ ಕಾಣುತ್ತಲ್ಲ ಮೇಡಂ’ ಎಂದ. ‘ಕಾಣಲಿ. ನಿಮಗೆ ನಲವತ್ತೈದು ಆದಾಗ ಮುಂದೆ ಇನ್ನಷ್ಟು ಬೇಕಾಗುತ್ತೆ. ಅವತ್ತು ಎಲ್ಲಿಂದ ತರೋಣ?’ ಎಂದು ವೈದ್ಯೆ ಕೇಳಿದರು. ಅವನು ಸುಮ್ಮನಾದ. ಅವನ ತಂದೆಗೆ ಐವತ್ತಕ್ಕೇ ಕಿವಿಯಿಂದ ಕಿವಿಗೆ ಪಟ್ಟಿಯಷ್ಟೇ ಉಳಿದದ್ದು ನನಗೂ ನೆನಪಾಯಿತು.

ಮುಂದಲೆಯ ಗೆರೆಯ ವಿಚಾರದಲ್ಲಿ ಮಾತ್ರ ಸಣ್ಣ ಕೂದಲು ವರ. ದಪ್ಪ ಕೂದಲನ್ನು ಅಂಚಿನಲ್ಲೇ ನೆಟ್ಟರೆ ಪೊರಕೆಯ ತುದಿಯಂತೆ ಒರಟಾಗಿ ನಿಲ್ಲುತ್ತದೆ. ದಪ್ಪ ಕೂದಲಿನವರಿಗೆ ಶಸ್ತ್ರವೈದ್ಯರು ಕಿವಿಯ ಹಿಂದೆಲ್ಲ ಹುಡುಕಿ ಒಂಟಿ ಸಣ್ಣ ಎಳೆಗಳನ್ನು ಆರಿಸಿ ಮೊದಲ ಸಾಲಿಗೆ ಹಾಕುತ್ತಾರೆ. ಸಣ್ಣ ಕೂದಲಿನವರಿಗೆ ಅದು ಹುಟ್ಟಿನಿಂದಲೇ ಬಂದಿದೆ. ಮೊದಲ ಎರಡು–ಮೂರು ಸಾಲು ಒಂಟಿ ಎಳೆ, ನೇರ ಗೆರೆಯಲ್ಲ, ಹಿಂದೆಮುಂದೆ ಅಂಕುಡೊಂಕಾಗಿ. ಅದರ ಹಿಂದೆ ಜೋಡಿ ಎಳೆಯವು, ನಡುನೆತ್ತಿಯ ಮುಂಭಾಗದಲ್ಲಿ ಮೂರರವು. ಬೈತಲೆ ತೆಗೆಯುವ ಬದಿಗೆ ಸ್ವಲ್ಪ ಹೆಚ್ಚು. ಗೆರೆಯನ್ನು ತೀರ ಕೆಳಗೆ ತರಬಾರದು. ಹುಬ್ಬುಗಳ ನಡುವಿನಿಂದ ಏಳೆಂಟು ಸೆಂಟಿಮೀಟರ್ ಮೇಲಿರಲಿ. ಹದಿನೆಂಟರ ಹಣೆ ಬೇಕೆಂದು ಒಂದು ಸೆಂಟಿಮೀಟರ್ ಇಳಿಸಿದರೆ ಅದಕ್ಕೇ ನೂರಾರು ಗ್ರಾಫ್ಟ್ ಖರ್ಚು. ಗಡ್ಡದ ಕೂದಲು ದಪ್ಪವಿರುವ ಗಂಡಸರಲ್ಲಿ ಗದ್ದದ ಕೆಳಗಿನಿಂದ ಒಂದಿಷ್ಟು ತೆಗೆದು ಮುಂಗೆರೆಯ ಬಹಳ ಹಿಂದೆ, ಸಣ್ಣ ಎಳೆಗಳ ನಡುನಡುವೆ ಸೇರಿಸುವುದೂ ಉಂಟು.

ಇನ್ನೊಂದು ಅನುಕೂಲ ನಮ್ಮ ಮೈಬಣ್ಣದ್ದು. ಬೆಳ್ಳನೆ ಚರ್ಮದ ಮೇಲೆ ಕಪ್ಪು ಕೂದಲು ವಿರಳವಾದರೆ ಎದ್ದು ಕಾಣುತ್ತದೆ. ಬಿಸಿಲಿಗೆ ಕಂದಿದ ನಮ್ಮ ತಲೆಗಳಲ್ಲಿ ಆ ಭೇದ ಕಡಿಮೆ, ಹಾಗಾಗಿ ಕಡಿಮೆ ಕೂದಲೂ ಹೆಚ್ಚಾಗಿ ತೋರುತ್ತದೆ. ಗುಂಗುರಿದ್ದರಂತೂ ಇನ್ನೂ ಒಳ್ಳೆಯದು. ಎಣ್ಣೆ ಹಚ್ಚಿ ಒಪ್ಪವಾಗಿ ಬಾಚುವ ರೂಢಿಯನ್ನು ಮಾತ್ರ ಸಣ್ಣ ಕೂದಲಿನವರು ಹಗಲು ಹೊತ್ತು ಬಿಡಬೇಕು. ಎಣ್ಣೆಗೆ ಎಳೆಗಳು ಕಂತೆಕಂತೆಯಾಗಿ ಅಂಟಿ ನಡುವೆ ಚರ್ಮ ಬಿಚ್ಚಿಕೊಳ್ಳುತ್ತದೆ. ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದರಾಯಿತು.

ತೆಗೆಯುವ ವಿಧಾನ ಎರಡು. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಚರ್ಮದ ಪಟ್ಟಿ ಕತ್ತರಿಸಿ ಹೊಲಿಗೆ ಹಾಕಿ, ಆ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗುಂಪುಗಳನ್ನು ಬಿಡಿಸುತ್ತಾರೆ. ಎಫ್‌ಯುಇಯಲ್ಲಿ ಒಂದು ಮಿಲಿಮೀಟರಿಗಿಂತ ಕಿರಿದಾದ ಕೊಳವೆಯಂಥ ಬ್ಲೇಡಿನಿಂದ ಒಂದೊಂದೇ ಗುಂಪು ಕೀಳುತ್ತಾರೆ. ಈಗ ಎಲ್ಲರೂ ಕೇಳುವುದು ಎರಡನೆಯದನ್ನೇ. ಸಣ್ಣ ಕೂದಲಿನಲ್ಲಿ ಕೊಳವೆ ಸ್ವಲ್ಪ ಓರೆಯಾದರೂ ಬೇರು ನಡುವೆ ಕತ್ತರಿಸಿ ಹೋಗುತ್ತದೆ. ಹೊರಗೆ ಬಂದ ಗ್ರಾಫ್ಟಿಗೂ ಮೈಮೇಲೆ ಮಾಂಸವಿಲ್ಲ. ಬೇಗ ಒಣಗುತ್ತದೆ, ಚಿಮಟದಲ್ಲಿ ಜೋರಾಗಿ ಹಿಡಿದರೆ ಜಜ್ಜಿಹೋಗುತ್ತದೆ. ಹೀಗಾಗಿ ‘ಒಂದೇ ದಿನದಲ್ಲಿ ನಾಲ್ಕು ಸಾವಿರ’ ಎಂಬ ಭರವಸೆ ಸಣ್ಣ ಕೂದಲಿನವರಿಗೆ ಆಗಿಬರುವುದಿಲ್ಲ. ಪಟ್ಟಿ ವಿಧಾನದಲ್ಲಿ ಬೇರು ಕಡಿಮೆ ಹಾಳಾಗುತ್ತದೆ, ಆದರೆ ಉದ್ದ ಗಾಯದ ಗೆರೆ ಉಳಿಯುತ್ತದೆ. ಸಣ್ಣ ಕೂದಲು ಆ ಗೆರೆಯನ್ನು ಸರಿಯಾಗಿ ಮುಚ್ಚುವುದಿಲ್ಲ. ಯಾವುದು ಸರಿ ಎಂಬುದು ತಲೆ ನೋಡಿದ ವೈದ್ಯರಿಗೇ ಬಿಟ್ಟದ್ದು. ಒಂದು ಮಾತನ್ನು ಮಾತ್ರ ನೀವೇ ಮುಂಚೆ ಹೇಳಬೇಕು: ಮನೆಯಲ್ಲಿ ಮುಡಿ ಕೊಡುವ ಹರಕೆ ಇದೆಯೇ? ತಿರುಪತಿಗೋ ಹುಲಿಗಿಗೋ ಹೋಗಿ ತಲೆ ಬೋಳಿಸಿದ ದಿನ ಪಟ್ಟಿಯ ಗೆರೆ ಕಿವಿಯಿಂದ ಕಿವಿಗೆ ಕಾಣುತ್ತದೆ. ಎಫ್‌ಯುಇಯ ಚುಕ್ಕೆ ಕಲೆಗಳೂ ಕಾಣುತ್ತವೆ, ಆದರೆ ಚೆದುರಿರುತ್ತವೆ. ಕಸಿಯ ಕೂದಲು ಪೂರ್ತಿ ಬೆಳೆದು ನಿಂತ ಮೇಲೆ ವೈದ್ಯರನ್ನು ಕೇಳಿ ಮುಡಿ ಕೊಡಬಹುದು, ಬೇರು ಒಳಗೇ ಇರುವುದರಿಂದ ಮತ್ತೆ ಬರುತ್ತದೆ.

ಕಸಿಗೆ ಮೊದಲು ಔಷಧ. ಇದನ್ನು ಹುಡುಗರು ಕೇಳಲು ಇಷ್ಟಪಡುವುದಿಲ್ಲ. ಮಿನಾಕ್ಸಿಡಿಲ್ ಹಚ್ಚುವ ದ್ರಾವಣ ಅಮೆರಿಕದಲ್ಲಿ 1988ರಲ್ಲಿ, ಫಿನಾಸ್ಟರೈಡ್ ಒಂದು ಮಿಲಿಗ್ರಾಂ ಮಾತ್ರೆ 1997ರಲ್ಲಿ ಬೋಳುತನಕ್ಕೆ ಅನುಮತಿ ಪಡೆದವು. ನಮ್ಮಲ್ಲೂ ಸಿಗುತ್ತವೆ. ಸೊರಗುತ್ತಿರುವ ಎಳೆಯನ್ನು ಇವು ಒಂದಿಷ್ಟು ದಪ್ಪ ಮಾಡಬಲ್ಲವು. ಐದು–ಹತ್ತು ಮೈಕ್ರಾನ್ ಹೆಚ್ಚಿದರೂ ಮೇಲಿನ ಲೆಕ್ಕ ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ. ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗಬಹುದು, ಹೆದರಿ ಬಿಡಬಾರದು. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗುವುದುಂಟು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಯಲ್ಲ ಇದು, ವೈದ್ಯರು ಬರೆದುಕೊಡಬೇಕು. ಔಷಧವಿಲ್ಲದೆ ನೇರ ಕಸಿಗೆ ಹೋದರೆ, ಹಳೆಯ ಸೊರಗಿದ ಕೂದಲಿನ ನಡುವೆ ಕೊರೆದ ಪೆಟ್ಟಿಗೆ ಅವು ಉದುರಿ, ಕೆಲವು ಮರಳದೆ ಹೋಗುತ್ತವೆ. ಸಾವಿರ ನೆಟ್ಟು ಐನೂರು ಕಳೆದುಕೊಂಡಂತೆ.

ಮದುವೆಗೆ ಸಜ್ಜಾಗುವ ಹುಡುಗರಿಗೆ ಒಂದು ಮಾತು ಒತ್ತಿ ಹೇಳಬೇಕು. ನೆಟ್ಟ ಕೂದಲು ಎರಡರಿಂದ ನಾಲ್ಕು ವಾರದಲ್ಲಿ ಉದುರಿಹೋಗುತ್ತದೆ, ಬೇರು ಮಾತ್ರ ಒಳಗೆ ಉಳಿಯುತ್ತದೆ. ಹೊಸ ಚಿಗುರು ಮೂರು–ನಾಲ್ಕು ತಿಂಗಳಿಗೆ, ಪೂರ್ತಿ ರೂಪ ಸುಮಾರು ಒಂದು ವರ್ಷಕ್ಕೆ. ಸಣ್ಣ ಎಳೆ ಕಣ್ಣಿಗೆ ಬೀಳುವುದು ಇನ್ನೂ ತಡ. ಕೊಟ್ಟೂರೇಶ್ವರನ ತೇರು ಮುಗಿಸಿ ಕಸಿ ಮಾಡಿಸಿಕೊಂಡವನಿಗೆ ಅಕ್ಷಯ ತದಿಗೆಯ ಸಾಮೂಹಿಕ ಮದುವೆಯ ಹೊತ್ತಿಗೆ ತಲೆ ಮೊದಲಿಗಿಂತ ಬೋಳಾಗಿರುತ್ತದೆ. ಮೊದಲ ಹತ್ತು ದಿನ ಬಿಸಿಲು, ದೂಳು, ಹೆಲ್ಮೆಟ್ಟು, ತಲೆಹೊರೆ ಯಾವುದೂ ಕೂಡದು. ಮೆಕ್ಕೆಜೋಳದ ರಾಶಿಯ ಕಾಲದಲ್ಲಿ ಊರಿಗೆ ಬಂದು ಕಣದಲ್ಲಿ ನಿಲ್ಲುವ ಯೋಚನೆ ಬೇಡ.

ಯಾರು ಮಾಡುತ್ತಾರೆ ಎಂಬುದನ್ನು ನೋಡದೆ ಮೇಜಿನ ಮೇಲೆ ಮಲಗಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ: ಕಸಿ ಮಾಡಬೇಕಾದವರು ಸೂಕ್ತ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ನೋಂದಾಯಿತ ವೈದ್ಯರು, ಮುಖ್ಯವಾಗಿ ಚರ್ಮವೈದ್ಯರು ಅಥವಾ ಪ್ಲಾಸ್ಟಿಕ್ ಸರ್ಜನ್‌ಗಳು. ಯೂಟ್ಯೂಬ್ ನೋಡಿ, ಕಾರ್ಯಾಗಾರದಲ್ಲಿ ಕೂತು ಕಲಿತದ್ದು ತರಬೇತಿಯಲ್ಲ ಎಂದೂ ಅದು ಹೇಳಿದೆ. ಭಾರತದ ಚರ್ಮವೈದ್ಯರ ಸಂಘದ ಕಾರ್ಯಪಡೆ 2008ರಲ್ಲೇ ಕಸಿಗೆ ಪ್ರಮಾಣಿತ ಮಾರ್ಗಸೂಚಿ ಪ್ರಕಟಿಸಿತ್ತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಪತ್ರ ಗೋಡೆಯ ಮೇಲಿದೆಯೇ ನೋಡಿ. ಮರಗಟ್ಟಿಸುವ ಇಂ‌ಜೆಕ್ಷನ್ನಿಗೂ ಮಿತಿಯಿದೆ. ಹೆಚ್ಚಾದರೆ ಹೃದಯಕ್ಕೆ ಅಪಾಯ. ಕಾನ್ಪುರದಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಇಂಜಿನಿಯರುಗಳು ತೀರಿಕೊಂಡ ಸುದ್ದಿ 2025ರಲ್ಲಿ ದೇಶವೆಲ್ಲ ಓದಿತು. ಮನೆಗೆ ಅನ್ನ ಹಾಕುತ್ತಿದ್ದ ಮಕ್ಕಳು ಅವರು.

ಹೆಣ್ಣುಮಕ್ಕಳ ಮಾತು ಬಿಟ್ಟರೆ ಅನ್ಯಾಯವಾದೀತು. ಹಡಗಲಿ ಮಲ್ಲಿಗೆಯ ದಂಡೆ ಮುಡಿದರೆ ಸಣ್ಣ ಕೂದಲಿನ ಜಡೆಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಅದಕ್ಕೆ ಚವರಿ ಸೇರಿಸಿ ಬಿಗಿಯಾಗಿ ಹೆಣೆಯುತ್ತಾರೆ. ವರ್ಷಗಟ್ಟಲೆ ಹಾಗೆ ಎಳೆದರೆ ಹಣೆಯಂಚು ಮತ್ತು ಕಪಾಲದ ಬದಿಯ ಬೇರು ಸಾಯುತ್ತದೆ. ಅಂಥ ಜಾಗಕ್ಕೆ ಕಸಿ ಒಪ್ಪುತ್ತದೆ, ಬಿಗಿ ಜಡೆ ಬಿಟ್ಟ ಮೇಲೆ. ಆದರೆ ಬೈತಲೆಯೇ ಅಗಲವಾಗುವ ಹೆಂಗಸರಲ್ಲಿ ಹಿಂದಲೆಯೂ ಸೊರಗಿರುವುದು ಸಾಮಾನ್ಯ. ಅವರಿಗೆ ಮೊದಲು ರಕ್ತಪರೀಕ್ಷೆ, ಥೈರಾಯ್ಡ್, ಔಷಧ. ಕಸಿ ಬಹಳ ದೂರದ ಮಾತು. ಕೊಪ್ಪಳದ ಭಾಗ್ಯನಗರದ ಕೂದಲು ವ್ಯಾಪಾರಕ್ಕೆಂದು ಊರೂರಿನಿಂದ ಹೋಗುವ ಕೂದಲಿನಲ್ಲಿ ನಮ್ಮ ತಾಯಂದಿರು ಬಾಚಣಿಗೆಯಿಂದ ಬಿಡಿಸಿ ಸುತ್ತಿಟ್ಟ ಉಂಡೆಗಳೂ ಇವೆ. ಆ ಉಂಡೆ ದಪ್ಪವಾಗುತ್ತಾ ಹೋದರೆ ಕೂದಲಿಗೆ ಬದಲಾಗಿ ಪಾತ್ರೆ ಸಿಕ್ಕಿತೆಂದು ಸುಮ್ಮನಿರದೆ ಒಮ್ಮೆ ವೈದ್ಯರಿಗೆ ತೋರಿಸಿ.

ಸೋದರಳಿಯನ ಯೋಜನೆ ಈಗ ಹೀಗಿದೆ. ಒಂದು ವರ್ಷ ಔಷಧ. ಮೂರು ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕು, ಒಣಗಿದ ಎಣ್ಣೆಯಿಲ್ಲದ ತಲೆಯ ಫೋಟೊ. ವರ್ಷದ ಕೊನೆಗೆ ಹಿಂದಲೆಯನ್ನು ಮತ್ತೆ ಅಳೆದು, ಎಲ್ಲ ಸರಿಯಿದ್ದರೆ ಮುಂದಲೆಗೆ ಮಾತ್ರ ಸಾವಿರದ ಆರುನೂರು ಗ್ರಾಫ್ಟು, ಎರಡು ದಿನಕ್ಕೆ ಹಂಚಿ. ಉಳಿದದ್ದು ಹಿಂದಲೆಯಲ್ಲೇ ಇರುತ್ತದೆ. ಬೆಂಗಳೂರಿನವರ ಫೋನಿಗೆ ‘ಈಗ ಬೇಡ’ ಎಂದು ಹೇಳಿದ್ದಾನೆ. ಹೆಣ್ಣಿನ ಕಡೆಯವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ, ಅವರು ಬೇಸರಪಟ್ಟಂತೆ ಕಾಣಲಿಲ್ಲ.

ಹೋದ ಭಾನುವಾರ ಅಕ್ಕನ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬೆಳಕಿಗೆ ಅವನನ್ನು ನಿಲ್ಲಿಸಿ ಮೊದಲ ನಾಲ್ಕು ಫೋಟೊ ತೆಗೆದೆ. ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇವೆ. ಅಕ್ಕ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಫೋಟೊ ಮುಗಿದ ಮೇಲೆ ಅವನೇ ಹೋಗಿ ಅವಳ ಮುಂದೆ ಕೂತ.